ತಂಪು ನೀರಿನಲ್ಲಿ ಅಡಗಿದ್ದ ಜ್ವರ

ಅದು 1976ರ ಜುಲೈ. ಅಮೆರಿಕದ ಮಾಜಿ ಯೋಧರ ಸಂಘ ‘ಅಮೆರಿಕನ್ ಲೀಜನ್’ನ ಪೆನ್ಸಿಲ್ವೇನಿಯಾ ಶಾಖೆಯ ಸಮಾವೇಶ ಫಿಲಡೆಲ್ಫಿಯಾದ ಬೆಲ್‌ವ್ಯೂ-ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ನಡೆಯಿತು. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಹಲವರು ಜ್ವರ, ನ್ಯುಮೋನಿಯಾದಿಂದ ಹಾಸಿಗೆ ಹಿಡಿದರು. ಹೋಟೆಲಿನ ಮುಂದಿನ ರಸ್ತೆಯಲ್ಲಿ ಹಾದುಹೋದವರನ್ನೂ ಕಾಯಿಲೆ ಬಿಡಲಿಲ್ಲ. ಒಟ್ಟು 34 ಮಂದಿ ಸತ್ತರು.

ವಿಷವೋ ವೈರಸ್ಸೋ ಎಂದು ತಿಂಗಳುಗಟ್ಟಲೆ ಹುಡುಕಾಟ ನಡೆಯಿತು. ಅಷ್ಟರಲ್ಲಿ ಗಿರಾಕಿಗಳಿಲ್ಲದೆ ಹೋಟೆಲೇ ಬಾಗಿಲು ಮುಚ್ಚಿತು. 1977ರ ಜನವರಿಯಲ್ಲಿ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಅವರು ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಿದರು. ಅದಕ್ಕೆ ‘ಲೀಜನೆಲ್ಲಾ’ ಎಂಬ ಹೆಸರು ಬಂತು. ಸಂಶಯ ಹೋದದ್ದು ಹವಾನಿಯಂತ್ರಣದ ಕೂಲಿಂಗ್ ಟವರಿನತ್ತ.

ಈ ಟವರಿನದು ನಮ್ಮ ಮಣ್ಣಿನ ಹೂಜಿಯದೇ ಸೂತ್ರ. ಹನಿಯಾಗಿ ಬೀಳುವ ಬಿಸಿನೀರಿನಲ್ಲಿ ಸ್ವಲ್ಪ ಆವಿಯಾದರೆ ಉಳಿದದ್ದು ತಣ್ಣಗಾಗುತ್ತದೆ. ಆದರೆ ಆವಿಯಾಗುವುದು ನೀರಷ್ಟೇ. ಲವಣ, ಧೂಳು ತೊಟ್ಟಿಯಲ್ಲೇ ಉಳಿದು ದಟ್ಟವಾಗುತ್ತವೆ. ಪಾಚಿ, ಲೋಳೆ ಕಟ್ಟಿದ ಬೆಚ್ಚಗಿನ ನೀರಿನಲ್ಲಿ ಲೀಜನೆಲ್ಲಾ ಬೆಳೆದು, ತುಂತುರಿನೊಡನೆ ಗಾಳಿಗೆ ಸೇರಿ ಶ್ವಾಸಕೋಶ ಹೊಗುತ್ತದೆ. ಆದ್ದರಿಂದಲೇ ಹಳೆಯ ನೀರನ್ನು ಆಗಾಗ ಹೊರಬಿಟ್ಟು ಹೊಸದನ್ನು ತುಂಬಬೇಕು. ಕ್ಲೋರಿನ್‌ನಂಥ ಕ್ರಿಮಿನಾಶಕ ಬೆರೆಸಬೇಕು. ತೊಟ್ಟಿಯನ್ನು ತಿಕ್ಕಿ ತೊಳೆಯಬೇಕು.

ಹೇಳುವುದಕ್ಕೆ ಸುಲಭ. ಆದರೆ ಮಾಳಿಗೆಯ ಮೇಲಿನ ಟವರ್ ಯಾರ ಕಣ್ಣಿಗೂ ಬೀಳುವುದಿಲ್ಲ. 2015ರಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನಲ್ಲಿ ಹೋಟೆಲೊಂದರ ಟವರಿನಿಂದ ಇದೇ ರೋಗ ಹರಡಿ 100ಕ್ಕೂ ಹೆಚ್ಚು ಮಂದಿ ನರಳಿದರು. ಆಮೇಲಷ್ಟೇ ಟವರುಗಳ ನೋಂದಣಿಯನ್ನೂ ನಿಯತ ತಪಾಸಣೆಯನ್ನೂ ನಗರ ಕಡ್ಡಾಯ ಮಾಡಿತು. ಫಿಲಡೆಲ್ಫಿಯಾದ ಸಾವುಗಳಾಗಿ ಆಗಲೇ 39 ವರ್ಷ ಕಳೆದಿತ್ತು.