ಚದುರಿಸಿ ಉಳಿಸುವ ವಿದ್ಯೆ

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲಿನಲ್ಲಿ ನೀವು ಒಮ್ಮೆಯಾದರೂ ಪ್ರಯಾಣ ಮಾಡಿದ್ದೀರಾ? ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಸೇರುವಷ್ಟರಲ್ಲಿ ಬೋಗಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಎಷ್ಟೋ ಮನೆಗಳ ಅನ್ನ ಈ ಹಳಿಗಳ ಮೇಲಿಂದಲೇ ಬರುತ್ತಿದೆ. ಆ ನೂಕುನುಗ್ಗಲಿನಲ್ಲಿ ಯಾರೋ ಮೊಬೈಲಿನಲ್ಲಿ, "ಅಮ್ಮಾ, ಗಾಡಿ ಸಿಕ್ಕಿತು" ಎನ್ನುತ್ತಾರೆ. ಗಾಡಿ ಓಡುತ್ತಿದೆ, ಅಲೆಗಳು ಬಂಡೆಗೂ ಕಟ್ಟಡಕ್ಕೂ ಬಡಿದು ಕ್ಷಣಕ್ಕೊಮ್ಮೆ ಕ್ಷೀಣಿಸುತ್ತಿವೆ. ಆದರೂ ಆ ಮೂರು ಮಾತು ಇಡಿಯಾಗಿ ತಲಪುತ್ತವೆ. ಹೇಗೆ?

ಕೆ.ಜಿ.ಎಫ್.ನ ಹಿರಿಯರನ್ನು ಕೇಳಿದರೆ 'ರಾಕ್ ಬರ್ಸ್ಟ್' ಎಂಬ ಮಾತನ್ನು ಇಂದಿಗೂ ಹೇಳುತ್ತಾರೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿಯಲ್ಲಿ ಭಾರ ತಾಳಲಾರದೆ ಬಂಡೆ ಸಿಡಿಯುವುದೇ ರಾಕ್ ಬರ್ಸ್ಟ್. ಒಂದು ಆಧಾರ ಮುರಿದರೆ ಅಕ್ಕಪಕ್ಕದವು ಹೊರುತ್ತವೆ. ಒಂದೇ ಕಡೆ ಹತ್ತು ಒಟ್ಟಿಗೆ ಮುರಿದರೆ ಸುರಂಗವೇ ಕುಸಿಯುತ್ತದೆ. ನಿಸ್ತಂತು ಸಂಪರ್ಕದ ಎಂಜಿನಿಯರುಗಳಿಗೂ ಇಂಥದೇ ಶತ್ರು ಇದೆ, ಹೆಸರು 'ಬರ್ಸ್ಟ್ ಎರರ್'. ಸೊನ್ನೆ, ಒಂದುಗಳಾಗಿ ಸಾಗುವ ಬಿಟ್‌ಗಳಲ್ಲಿ ಅಲ್ಲೊಂದು ಇಲ್ಲೊಂದು ಕೆಟ್ಟರೆ ಚಿಂತೆಯಿಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿಯೇ ಅದಕ್ಕೆ ಮದ್ದು ಪ್ರಕಟಿಸಿದರು: ನಾಲ್ಕು ಬಿಟ್‌ಗಳ ಜೊತೆಗೆ ಮೂರು ಕಾವಲು ಬಿಟ್‌ಗಳನ್ನು ಕಳುಹಿಸಿದರೆ ಏಳರಲ್ಲಿ ಯಾವುದೇ ಒಂದು ತಪ್ಪನ್ನು ತಿದ್ದಬಹುದು. ಆದರೆ ಒಂದೇ ಗುಂಪಿನಲ್ಲಿ ಎರಡು ಕೆಟ್ಟರೆ ಕಾವಲುಗಾರನೇ ದಾರಿ ತಪ್ಪುತ್ತಾನೆ. ಅಲೆ ಕ್ಷೀಣಿಸಿದಾಗ ಕೆಡುವುದು ಒಂದಲ್ಲ, ಸಾಲು ಸಾಲು.

ಪರಿಹಾರ ಸರಳ. ಒಂದು ವಾಕ್ಯವನ್ನು ನಾಲ್ಕು ಸಾಲಾಗಿ ಬರೆಯಿರಿ:

ಕೋ ಲಾ ರ ದ
ಗ ಣಿ ಯ ಲಿ
ಅ ನು ದಿ ನ
ದು ಡಿ ದ ರು

ಇದನ್ನು ಸಾಲು ಸಾಲಾಗಿ ಕಳುಹಿಸಿದಾಗ ಮಧ್ಯೆ ನಾಲ್ಕು ಅಕ್ಷರ ಒಟ್ಟಿಗೆ ನಾಶವಾದವೆನ್ನಿ. 'ಗಣಿಯಲಿ' ಪೂರ್ತಿ ಹೋಯಿತು. ಅಲ್ಲಿದ್ದದ್ದು 'ಹೊಲದಲಿ' ಎಂದಿತ್ತೋ ಏನೋ, ಯಾರು ಬಲ್ಲರು? ಈಗ ಕಂಬಸಾಲಾಗಿ, ಮೇಲಿಂದ ಕೆಳಕ್ಕೆ ಓದಿ ಕಳುಹಿಸಿ: ಕೋ, ಗ, ಅ, ದು, ಲಾ, ಣಿ, ನು, ಡಿ… ಮತ್ತೆ ನಾಲ್ಕು ಒಟ್ಟಿಗೆ ಹೋಗಲಿ, ಲಾ, ಣಿ, ನು, ಡಿ. ಅತ್ತ ಕಡೆಯವರು ಪುನಃ ಸಾಲಿಗೆ ಜೋಡಿಸಿದಾಗ ಪ್ರತಿ ಪದದಲ್ಲೂ ಒಂದೊಂದೇ ಅಕ್ಷರ ಕಾಣೆ. ಅದನ್ನು ನೀವೇ ತುಂಬಬಲ್ಲಿರಿ. ಹ್ಯಾಮಿಂಗರ ಕಾವಲುಗಾರನೂ ತುಂಬಬಲ್ಲ. ಹೀಗೆ ಬಿಟ್‌ಗಳ ಸ್ಥಾನ ಬದಲಿಸುವ ಸಾಧನವೇ ಇಂಟರ್‌ಲೀವರ್.

1970ರಲ್ಲಿ ರ‍್ಯಾಮ್‌ಸೆ, 1971ರಲ್ಲಿ ಫಾರ್ನಿ ಇದಕ್ಕೆ ಕಡಿಮೆ ಸ್ಮೃತಿಯಲ್ಲಿ ನಡೆಯುವ ವಿನ್ಯಾಸಗಳನ್ನು ಕೊಟ್ಟರು. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯ ಮೇಲಿನ ಗೀರುಗಳನ್ನು ಹಾಡಿನಿಂದ ಮರೆಮಾಚಿದ್ದೂ ಇದೇ ಉಪಾಯ. ಜಿ.ಎಸ್.ಎಂ. ಮೊಬೈಲಿನಲ್ಲಿ 20 ಮಿಲಿಸೆಕೆಂಡಿನ ಮಾತು ಕಾವಲು ಸೇರಿ 456 ಬಿಟ್ ಆಗುತ್ತದೆ. ಅದನ್ನು 57ರಂತೆ ಎಂಟು ಪಾಲು ಮಾಡಿ ಎಂಟು ಬೇರೆ ಬೇರೆ ಕಂತುಗಳಲ್ಲಿ ಕಳುಹಿಸುತ್ತಾರೆ. ಒಂದು ಕಂತು ಮುಳುಗಿದರೂ ಮಾತಿನ ಎಂಟನೆಯ ಒಂದು ಪಾಲಷ್ಟೇ ನಷ್ಟ.

ಕಾಗದದ ಮೇಲೆ ಸುಲಭ, ಚಿಪ್ಪಿನಲ್ಲಿ ಕಷ್ಟ. ಯಾವ ಬಿಟ್ ಎಲ್ಲಿಗೆ ಎಂಬ ಪಟ್ಟಿಯನ್ನೇ ಸ್ಮೃತಿಯಲ್ಲಿ ಇಟ್ಟರೆ ಜಾಗವೂ ಬ್ಯಾಟರಿಯೂ ವ್ಯರ್ಥ. ನಮ್ಮ ಹದಿನಾರು ಅಕ್ಷರಗಳಿಗೆ 0ಯಿಂದ 15ರವರೆಗೆ ಸಂಖ್ಯೆ ಕೊಡಿ. ಕಂಬಸಾಲಿನ ಕ್ರಮ 0, 4, 8, 12, 1, 5, 9… ಪಟ್ಟಿ ಏಕೆ ಬೇಕು? ಪ್ರತಿ ಸಲ 4 ಕೂಡಿ. 15 ಮೀರಿದರೆ 15 ಕಳೆಯಿರಿ. ಒಂದು ಕೂಡುವ ಮಂಡಲ, ಒಂದು ಹೋಲಿಸಿ ಕಳೆಯುವ ಮಂಡಲ, ಅಷ್ಟೇ ಸಾಕು!

ಭಾರತಕ್ಕೆ 2012ರಲ್ಲಿ ಬಂದ 4ಜಿ ಎಲ್.ಟಿ.ಇ.ಯಲ್ಲಿ 40ರಿಂದ 6144 ಬಿಟ್‌ವರೆಗಿನ 188 ಅಳತೆಯ ಗುಂಪುಗಳಿವೆ. 188 ಪಟ್ಟಿ ಯಾರು ಇಟ್ಟುಕೊಳ್ಳುತ್ತಾರೆ? ಸುನ್ ಮತ್ತು ತಾಕೆಶಿತಾ 2005ರಲ್ಲಿ ತೋರಿಸಿದ ವರ್ಗಸೂತ್ರ ಇಲ್ಲಿ ನೆರವಿಗೆ ಬಂತು. 40 ಬಿಟ್‌ನ ಗುಂಪಿಗೆ ಸ್ಥಾನಸಂಖ್ಯೆಯನ್ನು 3ರಿಂದಲೂ, ಅದರ ವರ್ಗವನ್ನು 10ರಿಂದಲೂ ಗುಣಿಸಿ ಕೂಡಿ, 40ರಿಂದ ಭಾಗಿಸಿ ಶೇಷ ಹಿಡಿಯಬೇಕು: 0, 13, 6, 19, 12, 25… ಗುಣಾಕಾರ ಚಿಪ್ಪಿಗೆ ದುಬಾರಿ. ಆದರೆ ಪಕ್ಕಪಕ್ಕದ ಸಂಖ್ಯೆಗಳನ್ನು ನೋಡಿ: ಒಮ್ಮೆ 13, ಮತ್ತೊಮ್ಮೆ 33 ಕೂಡಿ, 40 ತಲಪಿದರೆ ಅಥವಾ ಮೀರಿದರೆ 40 ಕಳೆದರಾಯಿತು. ಗುಣಾಕಾರವೇ ಮಾಯ! (ಪರೀಕ್ಷೆಗೆ ಬರುವುದಿಲ್ಲವೆಂದು ಬಿಡಬೇಡಿ, ಪೆನ್ಸಿಲ್ ಹಿಡಿದು ನಲವತ್ತನ್ನೂ ಮಾಡಿ, ಒಂದೂ ಎರಡು ಸಲ ಬರುವುದಿಲ್ಲ.) ಈ ಸೂತ್ರದ ಇನ್ನೊಂದು ಗುಣವೂ ಇದೆ. ಹಲವು ಡಿಕೋಡರುಗಳು ಏಕಕಾಲಕ್ಕೆ ದುಡಿಯುವಾಗ ಎರಡು ಒಂದೇ ಸ್ಮೃತಿಕೋಣೆಯ ಬಾಗಿಲಿಗೆ ಬರದಂತೆ ಅದು ನೋಡಿಕೊಳ್ಳುತ್ತದೆ. ಒಂದೇ ತೊಟ್ಟಿಲಿಗೆ ಎರಡು ತಂಡ ಕಾದು ನಿಂತರೆ ಪಾಳಿ ತಡವಾಗುತ್ತದೆಂದು ಗಣಿಯವರಿಗೆ ಹೇಳಿಕೊಡಬೇಕಿಲ್ಲ.

ನಮ್ಮ ರಾಜ್ಯದ ಪಾಲೂ ಇದರಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಾಫರ್ ಅಲಿ ಖಾನ್ ಮತ್ತು ಬಿ. ಸುಂದರ್ ರಾಜನ್ 2006ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಬಿಟ್‌ಗಳ ಬದಲು ಸಂಕೇತದ ನಿರ್ದೇಶಾಂಕಗಳನ್ನೇ ಅದಲುಬದಲು ಮಾಡುವ ಸಂಹಿತೆಗಳಿವೆ. ನಕ್ಷೆಯ ಮೇಲಿನ ಒಂದು ಬಿಂದುವಿನ ಅಡ್ಡ ಅಳತೆ ಒಂದು ಆಂಟೆನಾದಿಂದ, ಉದ್ದ ಅಳತೆ ಇನ್ನೊಂದರಿಂದ ಹೊರಟಂತೆ. ಒಂದು ದಾರಿ ಕೆಟ್ಟರೂ ಬಿಂದುವಿನ ಅರ್ಧ ಸುಳಿವು ಕೈಯಲ್ಲಿರುತ್ತದೆ.

ಚದುರಿಸುವುದಕ್ಕೆ ಬೆಲೆಯೂ ಉಂಟು: ಕಾಯಬೇಕು. ಜಿ.ಎಸ್.ಎಂ.ನಲ್ಲಿ ಎಂಟು ಕಂತು ಸೇರಲು ಸುಮಾರು 37 ಮಿಲಿಸೆಕೆಂಡು ಹಿಡಿಯುತ್ತದೆ. 900 ಮೆಗಾಹರ್ಟ್ಸ್ ಅಲೆಯ ತಗ್ಗುಗಳು ಸುಮಾರು 17 ಸೆಂಟಿಮೀಟರಿಗೊಂದು. ಗಂಟೆಗೆ 60 ಕಿಲೋಮೀಟರ್ ಓಡುವ ರೈಲು ಅಂಥ ಒಂದೊಂದನ್ನೂ 10 ಮಿಲಿಸೆಕೆಂಡಿನಲ್ಲಿ ದಾಟುವುದರಿಂದ ಎಂಟರಲ್ಲಿ ಕೆಲವು ಕಂತುಗಳಷ್ಟೇ ಕೆಡುತ್ತವೆ. ಬಂಗಾರಪೇಟೆಯ ಹೊರಗೆ ಸಿಗ್ನಲಿಗಾಗಿ ಗಾಡಿ ನಿಂತು, ನಿಮ್ಮ ಫೋನು ಸರಿಯಾಗಿ ತಗ್ಗಿನಲ್ಲೇ ಸಿಕ್ಕಿಕೊಂಡರೆ ಎಂಟೂ ಕಂತು ಒಟ್ಟಿಗೆ ಮುಳುಗುತ್ತವೆ. ಆಗ ಇಂಟರ್‌ಲೀವರ್ ಏನೂ ಮಾಡಲಾರದು. ನೀವು ಫೋನನ್ನು ಸ್ವಲ್ಪ ಆಚೆ ಸರಿಸಿ ನೋಡಿ.