ಬೆಳ್ಳಿ ತಂತಿ, ಬೆಳ್ಳಿ ಲೇಪ

ಕೂಸಿಗೆ ಬೆಳ್ಳಿ ಒಳಲೆಯಲ್ಲೇ ಹಾಲು ಕುಡಿಸಬೇಕು ಅಂತ ಹಠ ಹಿಡಿಯುವ ಅಜ್ಜಿಯರು ನಮ್ಮ ಮೈಸೂರಿನಲ್ಲಿ ಇನ್ನೂ ಇದ್ದಾರೆ. ಅಶೋಕ ರಸ್ತೆಯ ಅಂಗಡಿಗಳಿಗೆ ಅದರಿಂದ ಒಂದಿಷ್ಟು ವ್ಯಾಪಾರ :) ಒಳಲೆಯಿಂದ ಎಷ್ಟು ಕ್ರಿಮಿ ಸಾಯುತ್ತೋ, ಆ ಚರ್ಚೆ ಬೇಡ. ಬೆಳ್ಳಿಗೆ ಕ್ರಿಮಿ ಕೊಲ್ಲುವ ಗುಣ ಇರೋದಂತೂ ನಿಜ. ಅದನ್ನು ನಂಬಿ ಶಸ್ತ್ರವೈದ್ಯರು ಗೆದ್ದದ್ದೂ ಇದೆ, ಸೋತದ್ದೂ ಇದೆ.

1849ರಲ್ಲಿ ಅಮೆರಿಕದ ಮೇರಿಯನ್ ಸಿಮ್ಸ್, ಹೆರಿಗೆಯಲ್ಲಿ ಮೂತ್ರಕೋಶಕ್ಕೆ ಬಿದ್ದ ತೂತನ್ನು ಬೆಳ್ಳಿ ತಂತಿಯಿಂದ ಹೊಲಿದ. ರೇಷ್ಮೆ ದಾರ ಹಾಕಿದಾಗ ಮತ್ತೆ ಮತ್ತೆ ಕೆಡುತ್ತಿದ್ದ ಗಾಯ ಈ ಸಲ ಮಾಯಿತು. ಆಕೆ ಅನಾರ್ಕಾ ಎಂಬ ಗುಲಾಮ ಹೆಂಗಸು. ಅರಿವಳಿಕೆ ಇಲ್ಲದೆ ಸುಮಾರು 30 ಸಲ ಆಕೆಯನ್ನು ಕೊಯ್ದಿದ್ದರು. ಸಿಮ್ಸ್ ಹೆಸರು ಬಂದಲ್ಲೆಲ್ಲ ಆಕೆಯ ಹೆಸರೂ ಬರಬೇಕು ಅನ್ನೋದು ನನ್ನ ವಾದ. 1877ರಲ್ಲಿ ಲಂಡನ್ನಿನ ಜೋಸೆಫ್ ಲಿಸ್ಟರ್ ಮುರಿದ ಮೊಣಕಾಲ ಚಿಪ್ಪನ್ನು ಬೆಳ್ಳಿ ತಂತಿಯಿಂದಲೇ ಬಿಗಿದರು, ಜೊತೆಗೆ ಕಾರ್ಬಾಲಿಕ್ ಆಮ್ಲದ ರಕ್ಷಣೆ.

ಆಮೇಲೆ ಉಕ್ಕು, ಟೈಟಾನಿಯಂ, ಪ್ಲಾಸ್ಟಿಕ್ ಎಲ್ಲ ಮೈಯೊಳಗೆ ಹೋದವು. ಇವುಗಳ ಮೇಲೆ ಕೂತ ಬ್ಯಾಕ್ಟೀರಿಯಾ ಲೋಳೆಯಂಥ ಪೊರೆ ಕಟ್ಟಿಕೊಂಡರೆ ಮುಗೀತು, ಆ್ಯಂಟಿಬಯಾಟಿಕ್ ನಾಟುವುದು ಕಷ್ಟ. ಎಷ್ಟೋ ಸಲ ಹಾಕಿದ್ದನ್ನೇ ಕಿತ್ತು ತೆಗೆಯಬೇಕು. 1987ರಲ್ಲಿ ಆಂಥನಿ ಗ್ರಿಸ್ಟಿನಾ ಇದನ್ನು ಓಟದ ಪಂದ್ಯ ಅಂತ ವಿವರಿಸಿದರು: ಆ ಜಾಗವನ್ನು ನಮ್ಮ ಜೀವಕೋಶ ಮೊದಲು ಹಿಡಿಯುತ್ತೋ, ಬ್ಯಾಕ್ಟೀರಿಯಾವೋ?

ಸೇಂಟ್ ಜೂಡ್ ಕಂಪನಿ 1997ರಲ್ಲಿ ಕೃತಕ ಹೃದಯ ಕವಾಟವೊಂದನ್ನು ತಂದಿತು, ಹೆಸರು ಸಿಲ್ಝೋನ್. ಕವಾಟವನ್ನು ಹೃದಯಕ್ಕೆ ಹೊಲಿಯುವ ಬಟ್ಟೆಯ ಅಂಚಿಗೆ ಬೆಳ್ಳಿ ಲೇಪ. ಕವಾಟಕ್ಕೆ ಸೋಂಕು ತಗುಲಿದರೆ ಜೀವಕ್ಕೇ ಅಪಾಯ, ಹಾಗಾಗಿ ಉದ್ದೇಶವೇನೋ ಒಳ್ಳೆಯದೇ. ಆದರೆ ಆ ಬಟ್ಟೆಯೊಳಕ್ಕೆ ರೋಗಿಯ ಅಂಗಾಂಶ ಬೆಳೆದು ಕಚ್ಚಿಕೊಂಡರೆ ತಾನೇ ಕವಾಟ ಭದ್ರ? ಬೆಳ್ಳಿ ಲೇಪದ ಕವಾಟಗಳ ಸುತ್ತ ರಕ್ತ ಸೋರುವುದು ಹೆಚ್ಚು ಕಂಡಿತು. 807 ರೋಗಿಗಳು ಸೇರಿದ್ದ ಪ್ರಯೋಗವನ್ನು ಅರ್ಧಕ್ಕೆ ನಿಲ್ಲಿಸಿ, 2000ದ ಜನವರಿಯಲ್ಲಿ ಕಂಪನಿ ಕವಾಟಗಳನ್ನು ವಾಪಸ್ ಪಡೆಯಿತು. ಅಷ್ಟರಲ್ಲಿ ಸಾವಿರಾರು ಜನರ ಎದೆಯೊಳಗೆ ಅವು ಸೇರಿಯಾಗಿತ್ತು... ಅವನ್ನೆಲ್ಲ ವಾಪಸ್ ಪಡೆಯೋದು ಹೇಗೆ?

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಜಯಂತ ಹಲ್ದಾರ್ ತಂಡ 2020ರಲ್ಲಿ ಒಂದು ಲೇಪ ಪ್ರಕಟಿಸಿತು. ಬಟ್ಟೆಗೋ ಪ್ಲಾಸ್ಟಿಕ್ಕಿಗೋ ಬಳಿದು ಅತಿನೇರಳೆ ಬೆಳಕು ಬಿಟ್ಟರೆ ರಾಸಾಯನಿಕವಾಗಿ ಅಲ್ಲೇ ಬೆಸೆದುಕೊಳ್ಳುತ್ತದೆ. ಕ್ಯಾತಿಟರ್‌ಗೆ ಬಳಸುವ ಪಾಲಿಯುರೆಥೇನ್ ಮೇಲೂ ನಿಲ್ಲುತ್ತದೆ. ಬೆಳ್ಳಿಯ ಹಾಗೆ ಕರಗಿ ಸುತ್ತಲೂ ಹರಡುವುದಿಲ್ಲ, ತಾಗಿದ ಬ್ಯಾಕ್ಟೀರಿಯಾದ ಪೊರೆಯನ್ನು ಒಡೆದು ಕೊಲ್ಲುತ್ತದೆ. ಆದರೆ ತಾಗಿದರಷ್ಟೇ ಕೊಲ್ಲುವ ಲೇಪಗಳಿಗೆಲ್ಲ ಒಂದು ತಲೆನೋವು ಇದ್ದೇ ಇದೆ. ಸತ್ತ ಬ್ಯಾಕ್ಟೀರಿಯಾಗಳೇ ಮೇಲೆ ಹಾಸಿಕೊಂಡರೆ, ಆಮೇಲೆ ಬಂದವು ಅವುಗಳ ಮೇಲೆ ಆರಾಮಾಗಿ ಕೂರುತ್ತವೆ.