ಕುದಿಯಬೇಕಿದ್ದ ನೀರು, ಕುದಿಯಬಾರದ ನೀರು

ಮದರಾಸಿನಲ್ಲಿ ತಯಾರಾದ ಮೊದಲ ಕಾರು ಓಡಬೇಕಾದರೆ ಅದರೊಳಗಿನ ನೀರು ಕುದಿಯಲೇಬೇಕಿತ್ತು. ಕುದುರೆ ಸಾರೋಟುಗಳಿಗೆ ಹೆಸರಾಗಿದ್ದ ಸಿಂಪ್ಸನ್ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ 1903ರಲ್ಲಿ ಕಟ್ಟಿದ್ದು ಉಗಿಯಿಂದ ಓಡುವ ಕಾರು. ಅದರ ನಂತರ ಮೌಂಟ್ ರೋಡಿನಲ್ಲಿ ಓಡಿದ ಪೆಟ್ರೋಲ್ ಕಾರುಗಳಿಗೆಲ್ಲ ತದ್ವಿರುದ್ಧದ ಚಿಂತೆ. ಅವುಗಳಲ್ಲಿ ನೀರು ಕುದಿಯಬಾರದು.

ಆ ಚಿಂತೆ ಇಂದಿಗೂ ಮುಗಿದಿಲ್ಲ. ಮೌಂಟ್ ರೋಡು ಅಣ್ಣಾ ಸಾಲೈ ಆಗಿದೆ. ಮೇ ತಿಂಗಳ ಮಧ್ಯಾಹ್ನ ಅಲ್ಲಿ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಅಥವಾ ಅಂಬಾಸಿಡರ್ ಓಡಿಸುವವರ ಒಂದು ಕಣ್ಣು ಸಿಗ್ನಲ್ ಮೇಲಿದ್ದರೆ ಇನ್ನೊಂದು ಕಣ್ಣು ಶಾಖದ ಮುಳ್ಳಿನ ಮೇಲೆ. ಮುಳ್ಳು ಕೆಂಪು ಗೆರೆ ದಾಟಿದ ಮೇಲೂ ಗಾಡಿ ಓಡಿಸಿದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಸಿಲಿಂಡರ್ ಹೆಡ್ ಸೊಟ್ಟಗಾಗುತ್ತದೆ. ಹೊಸ ಹೆಡ್ ಮಾಡಿಕೊಡಲು ಕಾರು ಕಟ್ಟಿದ ಕಾರ್ಖಾನೆಯೇ ಇಲ್ಲ. ಹತ್ತು ನಿಮಿಷದ ಅಲಕ್ಷ್ಯಕ್ಕೆ ಐವತ್ತು ವರ್ಷ ಬಾಳಿದ ಎಂಜಿನ್ ಬಲಿಯಾಗಬಹುದು.

ಪೆಟ್ರೋಲ್ ಉರಿದು ಹುಟ್ಟುವ ಶಾಖದಲ್ಲಿ ಚಕ್ರ ತಿರುಗಿಸಲು ಒದಗುವುದು ಸ್ವಲ್ಪ ಪಾಲು ಮಾತ್ರ. ಉಳಿದದ್ದರಲ್ಲಿ ಒಂದಷ್ಟು ಹೊಗೆಯ ಜೊತೆ ಹೋದರೆ, ಮತ್ತೊಂದಷ್ಟನ್ನು ಹೇಗಾದರೂ ಹೊರಗೆ ದಾಟಿಸಬೇಕು. 1886ರ ಕಾರ್ಲ್ ಬೆಂಜ್‌ನ ಗಾಡಿಯಲ್ಲಿ ನೀರು ಆವಿಯಾಗಿ ಹೋಗುತ್ತಿತ್ತು. ದಾರಿಯುದ್ದಕ್ಕೂ ನೀರು ತುಂಬಿಸುತ್ತಲೇ ಇರಬೇಕಿತ್ತು. 1901ರ ಮರ್ಸಿಡಿಸ್ ಕಾರಿಗೆ ವಿಲ್ಹೆಲ್ಮ್ ಮೇಬಾಕ್ ಸಾವಿರಾರು ಸಣ್ಣ ಕೊಳವೆಗಳನ್ನು ಜೇನುಹುಟ್ಟಿನಂತೆ ಜೋಡಿಸಿದ ರೇಡಿಯೇಟರ್ ಕೂರಿಸಿದ. ಅಲ್ಪ ನೀರನ್ನೇ ಮತ್ತೆ ಮತ್ತೆ ಸುತ್ತಿಸಿ, ಎದುರಿನ ಗಾಳಿಗೆ ಒಡ್ಡಿ ತಣಿಸುವ ಈ ಉಪಾಯವೇ ಇಂದಿಗೂ ನಡೆದುಬಂದಿದೆ. ಆದರೆ ಅದು ನಿಂತಿರುವುದು ಕಾರು ಓಡುತ್ತಿರುತ್ತದೆ, ಎದುರಿಗೆ ಗಾಳಿ ಬರುತ್ತದೆ ಎಂಬ ನಂಬಿಕೆಯ ಮೇಲೆ.

ಮದರಾಸಿಗೆ ತನ್ನದೇ ಕಾರು ದೊರೆತಾಗ ಅದರ ಜೊತೆಗೆ ಈ ನಂಬಿಕೆಯೂ ಬಂತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಇಲ್ಲಿ ಆರಂಭವಾದ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಕಂಪನಿ, ಇಂಗ್ಲೆಂಡಿನ ಕವೆಂಟ್ರಿಯ ಕಾರುಗಳನ್ನು ನಗರದ ದಕ್ಷಿಣಕ್ಕಿರುವ ಪೆರುಂಗಳತ್ತೂರಿನ ಬಳಿ ಕಟ್ಟುತ್ತಿತ್ತು. ಮೊದಲು ವ್ಯಾನ್‌ಗಾರ್ಡ್, ಆಮೇಲೆ ಪುಟ್ಟ ಸ್ಟ್ಯಾಂಡರ್ಡ್ ಕಾರುಗಳು, 1961ರಿಂದ ಹೆರಾಲ್ಡ್. ಇಟಲಿಯ ಮಿಕೆಲೋಟಿ ರೂಪಿಸಿದ ಈ ಕಾರು ಬ್ರಿಟನ್ನಿನಲ್ಲಿ ಟ್ರಯಂಫ್, ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಅದರ ಇಡೀ ಮೂತಿ ಮುಂದಕ್ಕೆ ಮಗುಚಿಕೊಳ್ಳುತ್ತಿದ್ದುದರಿಂದ ಮೆಕ್ಯಾನಿಕ್ ಮುಂದಿನ ಚಕ್ರದ ಮೇಲೆ ಕುಳಿತೇ ಕೆಲಸ ಮಾಡಬಹುದಿತ್ತು. ಕನ್ನಡ ಚಿತ್ರಗಳೂ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಆ ದಿನಗಳಲ್ಲಿ ರಸ್ತೆಯಲ್ಲಿದ್ದದ್ದು ಹೆಚ್ಚಾಗಿ ಮೂರೇ ಬಗೆಯ ಕಾರು: ಹೆರಾಲ್ಡ್, ಅಂಬಾಸಿಡರ್, ಫಿಯೆಟ್.

ಮೂರೂ ಯುರೋಪಿನ ಹವೆಯಲ್ಲಿ ಹುಟ್ಟಿದವು. ರೇಡಿಯೇಟರ್ ಎಷ್ಟು ಶಾಖ ಹೊರಹಾಕುತ್ತದೆ ಎಂಬುದು ನೀರಿಗೂ ಗಾಳಿಗೂ ಇರುವ ಅಂತರವನ್ನು ಅವಲಂಬಿಸಿದೆ. ನೀರು 85 ಡಿಗ್ರಿ, ಗಾಳಿ 20 ಡಿಗ್ರಿ ಇದ್ದರೆ ಅಂತರ 65. ಚೆನ್ನೈನ ಕತ್ತರಿ ಬಿಸಿಲಿನಲ್ಲಿ ಗಾಳಿಯೇ 40 ಆದಾಗ ಅಂತರ 45ಕ್ಕೆ ಇಳಿಯುತ್ತದೆ. ರೇಡಿಯೇಟರಿನ ಬಲದಲ್ಲಿ ಮೂರನೇ ಒಂದರಷ್ಟು ಹೀಗೆಯೇ ಹೋಯಿತು. 2003ರ ಮೇ ಕೊನೆಯಲ್ಲಿ ಈ ಊರು 45 ಡಿಗ್ರಿಯನ್ನೂ ಕಂಡಿದೆ.

ಆದರೂ ರಸ್ತೆ ಖಾಲಿ ಇದ್ದಷ್ಟು ಕಾಲ ಬಿಸಿಲೊಂದೇ ಈ ಕಾರುಗಳನ್ನು ಸೋಲಿಸಲಿಲ್ಲ. ಕನ್ನಡನಾಡಿನವರಿಗೆ ಎಂಜಿನ್ ಕುದಿಯುವುದೆಂದರೆ ನೆನಪಾಗುವುದು ಘಾಟಿ: ಆಗುಂಬೆಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಗಾಡಿ ನಿಲ್ಲಿಸಿ, ತೊರೆಯ ನೀರು ತಂದು ಸುರಿಯುವುದು. ಅಲ್ಲಿ ಎಂಜಿನ್‌ಗೆ ಹೊರೆ ಹೆಚ್ಚು. ಆದರೆ ಅದು ಜೋರಾಗಿ ತಿರುಗುತ್ತಿರುವುದರಿಂದ, ಬೆಲ್ಟಿನಿಂದ ಅದಕ್ಕೆ ಕಟ್ಟಿದ ಫ್ಯಾನೂ ವಾಟರ್ ಪಂಪೂ ಜೋರಾಗಿಯೇ ತಿರುಗುತ್ತವೆ. ಸಿಗ್ನಲ್‌ನಲ್ಲಿ ನಿಂತ ಕಾರಿನದು ಬೇರೆ ಕಥೆ. ಹೊರೆಯೇನೂ ಇಲ್ಲ, ಆದರೆ ಎದುರು ಗಾಳಿ ನಿಂತಿದೆ, ಫ್ಯಾನ್ ಸೋಮಾರಿಯಾಗಿದೆ, ನೀರು ಮೆಲ್ಲಗೆ ಸುತ್ತುತ್ತಿದೆ. ತಣಿಸುವ ಮೂರೂ ಕೈಗಳು ಒಟ್ಟಿಗೇ ಸೋಲುತ್ತವೆ. ಸಾಲದ್ದಕ್ಕೆ ಪಕ್ಕದ ಕಾರುಗಳ ಏಸಿ ಉಗುಳುವ ಬಿಸಿಗಾಳಿ ಬೇರೆ.

ನಗರ ನಿಧಾನವಾದದ್ದು ಒಂದೇ ದಿನದಲ್ಲಲ್ಲ. 1973ರಲ್ಲಿ ಜೆಮಿನಿ ವೃತ್ತದಲ್ಲಿ ನಗರದ ಮೊದಲ ಮೇಲ್ಸೇತುವೆ ತೆರೆಯಬೇಕಾಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಎಂಜಿನ್ ಅಡ್ಡಡ್ಡ ಕೂತಿದ್ದರಿಂದ ರೇಡಿಯೇಟರಿನ ಫ್ಯಾನನ್ನು ಬೆಲ್ಟಿಗೆ ಕಟ್ಟದೆ ವಿದ್ಯುತ್ ಮೋಟಾರಿಗೆ ಕಟ್ಟಿದ್ದರು. ಕಾರು ನಿಂತಿದ್ದರೂ ಶಾಖ ಏರಿದೊಡನೆ ಫ್ಯಾನ್ ತಾನೇ ಗುಂಯ್ ಎನ್ನುತ್ತಿತ್ತು. ನಿಂತು ನಿಂತು ಸಾಗುವ ಊರಿಗೆ ತಕ್ಕ ಕಾರು ಅದು. 1988ರ ಹೊತ್ತಿಗೆ ಸ್ಟ್ಯಾಂಡರ್ಡ್ ಕಾರ್ಖಾನೆ ಕಾರು ಕಟ್ಟುವುದನ್ನು ನಿಲ್ಲಿಸಿತು. 1990ರ ದಶಕದಲ್ಲಿ ಫೋರ್ಡ್, ಹ್ಯುಂಡೈ ಕಂಪನಿಗಳು ಚೆನ್ನೈ ಅಂಚಿನಲ್ಲಿ ನೆಲೆಯೂರಿದವು, ಊರಿಗೆ ಭಾರತದ ಡೆಟ್ರಾಯಿಟ್ ಎಂಬ ಬಿರುದು ಬಂತು. ಮುಂದೆ ಮೆಟ್ರೋ ಸುರಂಗಕ್ಕಾಗಿ ಅಣ್ಣಾ ಸಾಲೈಯನ್ನೇ ಅಗೆದು, ಬೇಲಿ ಹಾಕಿ ಕಿರಿದು ಮಾಡಿದರು.

ಹಳೆಯ ಕಾರುಗಳನ್ನು ಉಳಿಸಿದ್ದು ಜನರಲ್ ಪ್ಯಾಟರ್ಸ್ ರೋಡಿನ ಬಿಡಿಭಾಗದ ಅಂಗಡಿಗಳು, ಪುದುಪೇಟೆಯ ಗುಜರಿ ಸಾಲುಗಳು ಮತ್ತು ಮರದ ನೆರಳಿನ ಮೆಕ್ಯಾನಿಕ್‌ಗಳು. ಅವರ ಮದ್ದುಗಳಲ್ಲಿ ಕೆಲವು ಅಪ್ಪಟ, ಕೆಲವು ಅಪಾಯ. ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು ಅಪ್ಪಟ. ಬಿಸಿಗೆ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಎಂಜಿನ್ ನಿಂತುಹೋಗುವುದಕ್ಕೆ ಅದು ಮದ್ದು. ರೇಡಿಯೇಟರ್ ಕುದಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲದಿದ್ದರೂ ಎರಡನ್ನೂ ‘ಗಾಡಿ ಹೀಟಾಯಿತು’ ಎಂದೇ ಕರೆಯುವುದರಿಂದ ಗೊಂದಲ. ಥರ್ಮೋಸ್ಟಾಟ್ ಕಿತ್ತೆಸೆಯುವುದು ಎರಡನೆಯ ಬಗೆಯದು. ಕಾದ ಎಂಜಿನ್‌ನಲ್ಲಿ ಅದು ಹೇಗೂ ಪೂರ್ತಿ ತೆರೆದೇ ಇರುತ್ತದೆ. ಕಿತ್ತರೆ ಖಾಲಿ ರಸ್ತೆಯಲ್ಲಿ ಎಂಜಿನ್ ಬೇಕಾದಷ್ಟು ಕಾಯದೆ ಸವೆಯುತ್ತದೆ, ಟ್ರಾಫಿಕ್‌ನಲ್ಲಿ ಮಾತ್ರ ಎಂದಿನಂತೆ ಕುದಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ನೀರೇ. ಚೆನ್ನೈನ ಎಷ್ಟೋ ಬಡಾವಣೆಗಳ ಬೋರ್‌ವೆಲ್ ನೀರು ಗಡಸು, ಕಡಲಿಗೆ ಹತ್ತಿರವಿದ್ದಲ್ಲಿ ಉಪ್ಪು. ಕೈಗೆ ಸಿಕ್ಕಿದ ಆ ನೀರನ್ನು ವರ್ಷಗಟ್ಟಲೆ ಸುರಿದರೆ ಪಾತ್ರೆಯ ತಳದಲ್ಲಿ ಕಟ್ಟುವಂಥ ಬಿಳಿ ಪದರವೇ ರೇಡಿಯೇಟರಿನ ಕೊಳವೆಯೊಳಗೂ ಕಟ್ಟುತ್ತದೆ. ನೀರಿನ ಬರ ಕಂಡ ಈ ಊರಿನಲ್ಲಿ 2003ರಲ್ಲಿ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಸೋಸಿದ ಮಳೆನೀರು ಬೋರ್ ನೀರಿಗಿಂತ ಎಷ್ಟೋ ಲೇಸು. ಡಿಸ್ಟಿಲ್ಡ್ ವಾಟರ್‌ಗೆ ಕೂಲಂಟ್ ಬೆರೆಸಿ ಹಾಕುವುದು ಇನ್ನೂ ಲೇಸು.

ಆದ್ದರಿಂದ ಬಲ್ಲವರು ದುಬಾರಿ ಕೆಲಸದಿಂದ ಶುರುಮಾಡುವುದಿಲ್ಲ. ಮೊದಲು ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೆಸರು ತೆಗೆಸುತ್ತಾರೆ, ಹೊರಗಿನ ರೆಕ್ಕೆಗಳಲ್ಲಿ ಸಿಕ್ಕಿದ ಧೂಳು ತೊಳೆಸುತ್ತಾರೆ. ಬೆಲ್ಟಿನ ಬಿಗಿ, ಇಗ್ನಿಷನ್ ಟೈಮಿಂಗ್ ನೋಡುತ್ತಾರೆ. ಕಿಡಿ ತಡವಾಗಿ ಹಾರಿದರೂ ಎಂಜಿನ್ ಕಾಯುತ್ತದೆ. ಫ್ಯಾನ್ ಸುತ್ತ ತಗಡಿನ ಕವಚ ಹಾಕಿಸಿದರೆ ಅದು ಎಳೆಯುವ ಗಾಳಿಯೆಲ್ಲ ರೇಡಿಯೇಟರ್ ಮೂಲಕವೇ ಹಾಯುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ವಿದ್ಯುತ್ ಫ್ಯಾನ್. ಅದಕ್ಕೆ ಮುಂಚೆ ಡೈನಮೋಗೆ ಆ ಹೊರೆ ಹೊರುವ ಶಕ್ತಿ ಇದೆಯೇ ನೋಡಬೇಕು. ಸಿಗ್ನಲ್‌ನಲ್ಲಿ ಮುಳ್ಳು ಏರತೊಡಗಿದರೆ ನ್ಯೂಟ್ರಲ್‌ಗೆ ಹಾಕಿ ಆಕ್ಸಿಲರೇಟರ್ ತುಸು ಒತ್ತಿದರೂ ಸಾಕು, ಫ್ಯಾನೂ ಪಂಪೂ ಎಚ್ಚೆತ್ತುಕೊಳ್ಳುತ್ತವೆ. ಹೀಟರ್ ಹಾಕಿ ಎಂಜಿನ್‌ನ ಬಿಸಿಯನ್ನು ಕಾರಿನೊಳಕ್ಕೆ ಬಿಟ್ಟುಕೊಳ್ಳುವ ಉಪಾಯವೂ ಉಂಟು. ಆದರೆ ಮದರಾಸಿನ ಕಾರಿಗೆ ಹೀಟರ್ ಹಾಕಿಸಿದವರು ಯಾರು!

ಕೊನೆಗೆ ಉಳಿಯುವುದು ಅಂಗೈಯಗಲದ ಒಂದು ವಸ್ತು, ರೇಡಿಯೇಟರ್ ಮುಚ್ಚಳ. ಒಳಗೆ ಒಂದು ಸ್ಪ್ರಿಂಗ್, ಒಂದು ರಬ್ಬರ್ ಉಂಗುರ. ಕಡಲ ಮಟ್ಟದ ಚೆನ್ನೈನಲ್ಲಿ ತೆರೆದ ನೀರು ಕುದಿಯುವುದು 100 ಡಿಗ್ರಿಗೆ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೆ. ಮುಚ್ಚಳ ಚದರ ಅಂಗುಲಕ್ಕೆ 7 ಪೌಂಡ್ ಒತ್ತಡ ಹಿಡಿದರೆ ಚೆನ್ನೈನಲ್ಲಿ ನೀರು ಸುಮಾರು 111 ಡಿಗ್ರಿಯವರೆಗೂ ಕುದಿಯುವುದಿಲ್ಲ. ಕಾದಾಗ ಅದನ್ನು ತೆರೆದರೆ ಮುಖ ಸುಡುವುದೂ ಇದೇ ಒತ್ತಡದಿಂದ. ರಬ್ಬರ್ ಒಣಗಿ ಬಿರಿದರೆ ಆ ಹನ್ನೊಂದು ಡಿಗ್ರಿಯ ರಕ್ಷೆ ಸದ್ದಿಲ್ಲದೆ ಹೋಗಿಬಿಡುತ್ತದೆ.

ಈ ಮುಚ್ಚಳಕ್ಕೂ ಚೆನ್ನೈಗೂ ಹಳೆಯ ನಂಟು. 1990ರ ದಶಕದ ಆರಂಭದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಬ್ರಿಟನ್ನಿನಲ್ಲಿದ್ದ ತನ್ನ ರೇಡಿಯೇಟರ್ ಮುಚ್ಚಳದ ಯಂತ್ರಗಳನ್ನು ಮಾರಿತು. ಅವನ್ನು ಕೊಂಡು ಹಡಗಿನಲ್ಲಿ ಚೆನ್ನೈಗೆ ತಂದದ್ದು ಟಿವಿಎಸ್ ಮನೆತನದ ಸುಂದರಂ ಫಾಸ್ಟನರ್ಸ್. ಆಮೇಲೆ ಡೆಟ್ರಾಯಿಟ್‌ನ ಕಾರುಗಳ ನೀರನ್ನು ಹಿಡಿದಿಟ್ಟದ್ದು ಚೆನ್ನೈನ ಮುಚ್ಚಳ. ಅದೇ ಊರಿನ ಅಣ್ಣಾ ಸಾಲೈಯಲ್ಲಿ ಬಾನೆಟ್ ಎತ್ತಿ, ಉಗಿ ಇಳಿಯಲೆಂದು ಕಾಯುತ್ತ ನಿಂತ ಹೆರಾಲ್ಡಿನ ಬಳಿ ಮೆಕ್ಯಾನಿಕ್ ಬಂದರೆ, ಎಂಜಿನ್ ಆರಿದ ಮೇಲೆ ಮೊದಲು ಬಿಚ್ಚಿ ನೋಡುವುದೂ ಆ ಮುಚ್ಚಳದ ರಬ್ಬರನ್ನೇ.